ತೊಲೆಯನ್ನು ಸರಿಪಡಿಸಿ, ಹಕ್ಕಿಯ ಮೈಗೆ ಅಂಟು ಬಳಿಯಬೇಡಿ

ಮಾನ್ಯ ಸಂಪಾದಕರೇ,

ಬೆಂಗಳೂರಿನ ಬಹುಮಹಡಿ ಮನೆಗಳಲ್ಲಿ ಪಾರಿವಾಳಗಳ ಕಾಟ ಹೆಚ್ಚಾಗಿದೆ ಎಂದು ದೂರಿ ನಿಮ್ಮ ಓದುಗರೊಬ್ಬರು ಬರೆದ ಪತ್ರವನ್ನು ಹೋದ ವಾರ ಮೊಬೈಲ್‌ನಲ್ಲಿ ಓದಿದೆ. ಬಾಲ್ಕನಿಯ ಕಂಬಿಗೆ ಅಂಟು ಬಳಿದುಬಿಟ್ಟರೆ ಮೂರೇ ದಿನದಲ್ಲಿ ಹಕ್ಕಿಗಳ ಸುಳಿವಿರುವುದಿಲ್ಲ ಎಂದು ಅವರು ಕೊನೆಯಲ್ಲಿ ಸಲಹೆ ಕೊಟ್ಟಿದ್ದರು. ಆ ಒಂದು ಸಾಲು ನನ್ನನ್ನು ಎರಡು ರಾತ್ರಿ ಮಲಗಗೊಡಲಿಲ್ಲ. ಅಂಟು ಏನು ಮಾಡುತ್ತದೆ ಎಂಬುದನ್ನು ಈ ಚಳಿಗಾಲದಲ್ಲಿ ನನ್ನ ಅಂಗೈಯಲ್ಲೇ ಕಂಡಿದ್ದೇನೆ. ಪತ್ರ ಉದ್ದವಾದರೂ ದಯವಿಟ್ಟು ಪ್ರಕಟಿಸಬೇಕು.

ನಾನು ಪಶುಸಂಗೋಪನಾ ಇಲಾಖೆಯಲ್ಲಿ ಮೂವತ್ತೊಂದು ವರ್ಷ ವೈದ್ಯನಾಗಿದ್ದು ನಿವೃತ್ತನಾದವನು. ಸೇವೆಯ ಬಹುಪಾಲು ಕಳೆದದ್ದು ಕನಕಪುರ, ರಾಮನಗರ, ಚನ್ನಪಟ್ಟಣದ ಹಳ್ಳಿಗಳಲ್ಲಿ. ಸದ್ಯ ಮಗನ ಮನೆಯಲ್ಲಿದ್ದೇನೆ. ಅಮೆರಿಕದ ಫ್ಲೋರಿಡಾ ರಾಜ್ಯದ ಪಶ್ಚಿಮ ಕರಾವಳಿಯಲ್ಲಿ, ಟ್ಯಾಂಪಾ ನಗರಕ್ಕೆ ಒಂದು ಗಂಟೆಯ ದಾರಿ. ನವೆಂಬರ್ ಮೊದಲ ವಾರ ನಾನೂ ನನ್ನ ಹೆಂಡತಿಯೂ ಇಲ್ಲಿಗೆ ಬಂದೆವು. ಏಪ್ರಿಲ್‌ನಲ್ಲಿ ಊರಿಗೆ ಹಿಂತಿರುಗುತ್ತೇವೆ.

ಫ್ಲೋರಿಡಾದ ಮನೆಗಳ ಹಿತ್ತಲಲ್ಲಿ ಈಜುಕೊಳ ಸಾಮಾನ್ಯ. ಆ ಕೊಳದ ಸುತ್ತಲೂ ಮೇಲೂ ಸೇರಿಸಿ ಅಲ್ಯೂಮಿನಿಯಂ ಚೌಕಟ್ಟಿನ ದೊಡ್ಡ ಪಂಜರವೊಂದನ್ನು ಕಟ್ಟಿರುತ್ತಾರೆ. ಪೂಲ್ ಕೇಜ್ ಎನ್ನುತ್ತಾರೆ. ನಮ್ಮ ಕಡೆಯ ಹೂವಿನ ಬೆಳೆಗಾರರ ನೆರಳುಮನೆಯನ್ನು ನೋಡಿದವರಿಗೆ ಅಂದಾಜು ಸಿಗುತ್ತದೆ. ಹಸಿರು ಬಲೆಯ ಬದಲು ಸೊಳ್ಳೆಯೂ ನುಸುಳದಂಥ ಕಪ್ಪು ಫೈಬರ್‌ಗ್ಲಾಸ್ ಜಾಲರಿ ಇರುತ್ತದೆ, ಅಷ್ಟೇ. ಜಾಲರಿಯನ್ನು ತೊಲೆಯಲ್ಲಿರುವ ಸಣ್ಣ ತೋಡಿನೊಳಗೆ ಕೂರಿಸಿ, ಅದರ ಮೇಲೆ ತೆಳ್ಳನೆಯ ರಬ್ಬರ್ ಹುರಿಯೊಂದನ್ನು ಒತ್ತಿ ಬಿಗಿ ಮಾಡುತ್ತಾರೆ. ಇಡೀ ಪಂಜರದ ಭದ್ರತೆ ಆ ಬೆರಳ ದಪ್ಪವೂ ಇಲ್ಲದ ಹುರಿಯ ಮೇಲೆ ನಿಂತಿದೆ. ಪಂಜರವಿದ್ದರೆ ಕೊಳಕ್ಕೆ ಎಲೆ ಬೀಳುವುದಿಲ್ಲ, ಹಾವು ಬರುವುದಿಲ್ಲ, ಪಕ್ಕದ ಕೆರೆಯಿಂದ ಎದ್ದು ಬರುವ ಮೊಸಳೆಯೂ ಬರುವುದಿಲ್ಲ. ನನ್ನ ಮೊಮ್ಮಗಳಿಗೆ ನಾಲ್ಕು ವರ್ಷ. ಆ ಜಾಲರಿ ಹರಿಯಿತೆಂದರೆ ಮನೆಯವರೆಲ್ಲರ ಎದೆ ಧಸಕ್ಕೆನ್ನುತ್ತದೆ.

ಬಂದ ಮೂರನೆಯ ಬೆಳಗ್ಗೆ, ಇನ್ನೂ ನಸುಗತ್ತಲಿರುವಾಗಲೇ, ಚಾವಣಿಯ ಕಡೆಯಿಂದ ಲೋಹದ ಮೇಲೆ ಉಗುರು ಗೀರುವ ಸದ್ದು ಕೇಳಿಸಿತು. ಆಮೇಲೆ ಏನನ್ನೋ ಎಳೆದು ಬಿಟ್ಟಂತೆ ‘ಪಟ್’ ಎಂಬ ಸದ್ದು. ಬಾಗಿಲು ತೆರೆದು ಹೊರಗೆ ಬಂದೆ. ಪಂಜರದ ನೆತ್ತಿಯ ತೊಲೆಯ ಮೇಲೆ ಸಾಲಾಗಿ ಹನ್ನೊಂದು ರಣಹದ್ದುಗಳು ಕುಳಿತಿದ್ದವು. ಬಿಸಿಲು ಬೀಳುತ್ತಿದ್ದಂತೆ ಒಂದೊಂದಾಗಿ ರೆಕ್ಕೆ ಹರಡಿ ನಿಂತವು. ನಾನು ಅಲ್ಲೇ ನಿಂತುಬಿಟ್ಟೆ. ರಣಹದ್ದುಗಳ ಸಾಲನ್ನು ಅಷ್ಟು ಹತ್ತಿರದಿಂದ ನೋಡಿ ಇಪ್ಪತ್ತೈದು ವರ್ಷಗಳ ಮೇಲಾಗಿತ್ತು. ಮಗ ಒಳಗಿನಿಂದ ಓಡಿ ಬಂದು ಕೈ ಚಪ್ಪಾಳೆ ತಟ್ಟಿ ಓಡಿಸಿದ. ನನ್ನ ಕಣ್ಣು ಒದ್ದೆಯಾಗಿದ್ದುದು ಅವನಿಗೆ ಅರ್ಥವಾಗಲಿಲ್ಲ. ಅದರ ಕಾರಣವನ್ನು ಮುಂದೆ ಹೇಳುತ್ತೇನೆ.

ಇವು ನಮ್ಮ ರಾಮದೇವರ ಬೆಟ್ಟದ ರಣಹದ್ದುಗಳ ಜಾತಿಯವಲ್ಲ. ಅಮೆರಿಕ ಖಂಡದ ರಣಹದ್ದುಗಳ ವಂಶವೇ ಬೇರೆ. ಇಲ್ಲಿ ಎರಡು ಬಗೆಯವು ಕಾಣುತ್ತವೆ. ಕರಿ ರಣಹದ್ದಿಗೆ ಬೂದುಗಪ್ಪು ತಲೆ, ಮೊಟಕು ಬಾಲ, ಹಾರುವಾಗ ರೆಕ್ಕೆಯ ತುದಿಯ ಅಡಿಯಲ್ಲಿ ಬಿಳಿ ಮಚ್ಚೆ. ಸುಮಾರು ಎರಡು ಕಿಲೋ ತೂಕ. ಟರ್ಕಿ ರಣಹದ್ದಿಗೆ ಕೆಂಪು ತಲೆ, ರೆಕ್ಕೆಗಳನ್ನು ಸ್ವಲ್ಪ ಮೇಲಕ್ಕೆತ್ತಿ ತೂಗಾಡುತ್ತಾ ಹಾರುತ್ತದೆ. ಟರ್ಕಿ ರಣಹದ್ದಿಗೆ ಮೂಗು ಬಹಳ ಚುರುಕು. ಕಾಡಿನ ಮರೆಯಲ್ಲಿ ಬಿದ್ದ ಹೆಣವನ್ನೂ ವಾಸನೆಯಿಂದಲೇ ಹುಡುಕುತ್ತದೆ. ಕರಿಯದಕ್ಕೆ ಆ ಶಕ್ತಿ ಕಡಿಮೆ. ಅದು ಕೆಂಪುತಲೆಯದನ್ನು ಗಮನಿಸುತ್ತಿದ್ದು, ಅದು ಇಳಿದಲ್ಲಿಗೆ ಗುಂಪುಗಟ್ಟಿ ಇಳಿಯುತ್ತದೆ. ಎರಡಕ್ಕೂ ಕೂಗಲು ದನಿಪೆಟ್ಟಿಗೆಯಿಲ್ಲ; ಬುಸ್ಸೆನ್ನುವುದು, ಗುರುಗುಟ್ಟುವುದು ಅಷ್ಟೇ. ಅದಕ್ಕೇ ಬೆಳಗಿನ ಆ ಮೌನದಲ್ಲಿ ಉಗುರಿನ ಸದ್ದು ಅಷ್ಟು ಸ್ಪಷ್ಟವಾಗಿ ಕೇಳಿಸಿದ್ದು. ಚಳಿಗಾಲದಲ್ಲಿ ಉತ್ತರದ ರಾಜ್ಯಗಳಿಂದಲೂ ಹದ್ದುಗಳು ಫ್ಲೋರಿಡಾಕ್ಕೆ ಇಳಿದು ಬರುವುದರಿಂದ ನವೆಂಬರ್‌ನಿಂದ ಮಾರ್ಚ್‌ವರೆಗೆ ಗುಂಪು ದೊಡ್ಡದಾಗಿರುತ್ತದೆ.

ಹಾನಿ ನಿಜವಾದದ್ದು, ಅದನ್ನು ಅಲ್ಲಗಳೆಯುವುದಿಲ್ಲ. ಕರಿ ರಣಹದ್ದಿಗೆ ರಬ್ಬರ್ ಕಂಡರೆ ಬಿಡದು. ಕಾರಿನ ವೈಪರ್, ಕಿಟಕಿಯ ಅಂಚಿನ ಪಟ್ಟಿ, ಚಾವಣಿಯ ಸಂದು ಮುಚ್ಚಿದ ಲೇಪ, ಎಲ್ಲವನ್ನೂ ಕಿತ್ತು ಎಳೆಯುತ್ತದೆ. ಹೆಣದ ನರವನ್ನು ಎಳೆದು ಕೀಳಲೆಂದೇ ಆದ ಕೊಕ್ಕು ಅದು. ಕೈಗೆ ಸಿಕ್ಕ ಹುರಿಯನ್ನು ಎಳೆಯದೆ ಇರಲಾರದು ಎಂದು ನನಗೆ ಅನ್ನಿಸುತ್ತದೆ. ಫ್ಲೋರಿಡಾದ ದಕ್ಷಿಣ ತುದಿಯ ಎವರ್‌ಗ್ಲೇಡ್ಸ್ ರಾಷ್ಟ್ರೀಯ ಉದ್ಯಾನದಲ್ಲಿ ಪ್ರವಾಸಿಗರ ಕಾರುಗಳನ್ನು ಹೊದಿಸಲು ಟಾರ್ಪಾಲನ್ನೂ ಅದನ್ನು ಬಿಗಿಯುವ ಎಳೆಹುರಿಯನ್ನೂ ಉದ್ಯಾನದವರೇ ಕೊಡುತ್ತಾರೆ. ಡಿಸೆಂಬರ್ ರಜೆಯಲ್ಲಿ ನಾವು ಅಲ್ಲಿಗೆ ಹೋಗಿದ್ದಾಗ ನಮ್ಮ ಕಾರಿಗೂ ಹೊದಿಸಿದೆವು. ಮಗನ ಮನೆಯ ಪಂಜರದಲ್ಲಿ ನಾವು ಬರುವ ಹೊತ್ತಿಗೇ ಐದು ಕಡೆ ಹುರಿ ಕಿತ್ತುಬಂದು, ಎರಡು ಜಾಲರಿ ಹಾಳೆಗಳು ಜೋತುಬಿದ್ದಿದ್ದವು. ಹಿಕ್ಕೆ ಜಾಲರಿಯ ಕಣ್ಣುಗಳಲ್ಲಿ ಒಣಗಿ, ಮಳೆ ಬಂದಾಗ ಕರಗಿ ಕೊಳಕ್ಕೆ ಇಳಿಯುತ್ತಿತ್ತು. ಬಿಳಿ ಬಣ್ಣದ ತೊಲೆಗಳು ಅಲ್ಲಲ್ಲಿ ಬಣ್ಣಗೆಟ್ಟಿದ್ದವು. ಎರಡು ಚಳಿಗಾಲದಲ್ಲಿ ಮೂರು ಸಲ ಜಾಲರಿ ಹಾಕಿಸಿದೆ ಎಂದು ಮಗ ಬೇಸರದಿಂದ ಹೇಳಿದ. ಅವನ ಸಿಟ್ಟು ನ್ಯಾಯವಾದದ್ದೇ.

ಆದರೆ ಸಿಟ್ಟಿನಲ್ಲಿ ಜನ ಏನೇನು ಹೇಳುತ್ತಾರೆ! ಈ ಪ್ರದೇಶದ ಕನ್ನಡಿಗರು ಸಂಕ್ರಾಂತಿಗೆ ಒಂದೆಡೆ ಸೇರಿದ್ದಾಗ ಈ ವಿಷಯ ತೆಗೆದೆ. ಎಳ್ಳುಬೆಲ್ಲ ಹಂಚುತ್ತಲೇ ಒಬ್ಬರು ಗಾಳಿಬಂದೂಕು ಎಂದರು, ಇನ್ನೊಬ್ಬರು ಮಾಂಸದಲ್ಲಿ ವಿಷ ಎಂದರು. ಅವರು ಕೆಟ್ಟವರಲ್ಲ, ಮನೆಯ ಸಾಲ ತೀರಿಸುತ್ತಾ ದುಡಿದು ಹೈರಾಣಾದವರು. ಆದರೆ ಇಲ್ಲಿನ ಕಾನೂನು ಅವರಿಗೆ ತಿಳಿದಿರಲಿಲ್ಲ. 1918ರಲ್ಲಿ ಬಂದ ವಲಸೆ ಹಕ್ಕಿಗಳ ಒಪ್ಪಂದದ ಕಾಯ್ದೆಯ ವ್ಯಾಪ್ತಿಗೆ 1972ರಲ್ಲಿ ರಣಹದ್ದುಗಳನ್ನೂ ಸೇರಿಸಿದ್ದಾರೆ. ಕೇಂದ್ರ ಸರ್ಕಾರದ ಮೀನು ಮತ್ತು ವನ್ಯಜೀವಿ ಇಲಾಖೆಯ ಪರವಾನಗಿ ಇಲ್ಲದೆ ಒಂದನ್ನು ಕೊಂದರೂ 15,000 ಡಾಲರ್‌ವರೆಗೆ ದಂಡ, 6 ತಿಂಗಳವರೆಗೆ ಸೆರೆವಾಸ ಆಗಬಹುದು. ಮೊಟ್ಟೆಗೂ ಅದೇ ರಕ್ಷಣೆ. ಗಾಯ ಮಾಡದೆ ಹೆದರಿಸಿ ಎಬ್ಬಿಸಲು, ಕೂರಲು ಜಾಗ ಸಿಗದಂತೆ ಮಾಡಲು ಅಡ್ಡಿಯಿಲ್ಲ. ನಮ್ಮ ದೇಶದ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದೂ ಅದೇ 1972ರಲ್ಲಿ.

ನಾನು ಬರುವ ಮೊದಲೇ ಮಗ ಒಬ್ಬ ಗುತ್ತಿಗೆದಾರನನ್ನು ಕರೆಸಿದ್ದ. ಆತ ಪ್ಲಾಸ್ಟಿಕ್ ಗೂಬೆಗಳೆರಡನ್ನು ನೆತ್ತಿಗೆ ಕೂರಿಸಿ, ತೊಲೆಗಳ ಮೇಲೆ ಪಾರದರ್ಶಕ ಅಂಟಿನ ಗೆರೆ ಎಳೆದು ಹೋಗಿದ್ದ. ಗೂಬೆಗಳಿಗೆ ಹದ್ದುಗಳು ಎರಡು ದಿನ ಅಂಜಿದ್ದವಂತೆ. ಅಲುಗಾಡದ ವಸ್ತುವಿಗೆ ಯಾವ ಹಕ್ಕಿಯೂ ಬಹಳ ದಿನ ಹೆದರುವುದಿಲ್ಲ. ಅಂಟು ಇಲ್ಲಿನ ಬಿಸಿಲಿಗೆ ಕರಗಿ ತೊಲೆಯ ಪಕ್ಕಕ್ಕೆ ಇಳಿದು, ಧೂಳು ಮೆತ್ತಿಕೊಂಡು ಕಪ್ಪಾಗಿತ್ತು. ಎರಡು ಕಿಲೋ ತೂಗುವ ಹದ್ದಿಗೆ ಅದರಿಂದ ಏನೂ ಆಗಲಿಲ್ಲ. ಆದದ್ದು ಇನ್ನೊಂದು ಜೀವಕ್ಕೆ.

ನವೆಂಬರ್ ಕೊನೆಯ ಒಂದು ಮಧ್ಯಾಹ್ನ ಮೊಮ್ಮಗಳು ಬಂದು ನನ್ನ ಬೆರಳು ಹಿಡಿದು ಎಳೆದಳು. ಪಂಜರದ ಮೂಲೆಯ ತಗ್ಗಿನ ತೊಲೆಯ ಮೇಲೆ ಕಂದು ಬಣ್ಣದ ಸಣ್ಣ ಹಕ್ಕಿಯೊಂದು ಒದ್ದಾಡುತ್ತಿತ್ತು. ಕೆರೊಲಿನಾ ರೆನ್ ಎಂಬ ಹಕ್ಕಿ; ನಮ್ಮ ಗುಬ್ಬಚ್ಚಿಗಿಂತ ಚಿಕ್ಕದು, ಬಾಲವನ್ನು ನೆಟ್ಟಗೆ ನಿಲ್ಲಿಸಿಕೊಂಡು ಹೂಕುಂಡಗಳ ಸಂದಿಯಲ್ಲಿ ಓಡಾಡುತ್ತದೆ, ಮೈಗೆ ಮೀರಿದ ದನಿಯಲ್ಲಿ ಹಾಡುತ್ತದೆ. ಅಂಟಿಗೆ ಸಿಕ್ಕಿದ್ದ ಹುಳುಗಳನ್ನು ಹೆಕ್ಕಲು ಬಂದಿರಬೇಕು. ಎರಡೂ ಕಾಲು, ಎಡ ರೆಕ್ಕೆಯ ದೊಡ್ಡ ಗರಿಗಳು, ಎದೆಯ ಪುಕ್ಕ, ಎಲ್ಲವೂ ಅಂಟಿನಲ್ಲಿ ಹೂತಿದ್ದವು. ಏಣಿ ಹತ್ತಿ, ಅಡುಗೆ ಎಣ್ಣೆಯನ್ನು ಹತ್ತಿಯಲ್ಲಿ ಅದ್ದಿ ಒಂದೊಂದೇ ಗರಿ ಬಿಡಿಸಲು ನನಗೆ ನಲವತ್ತು ನಿಮಿಷ ಬೇಕಾಯಿತು. ಎತ್ತಿನ ಮುರಿದ ಕೋಡಿಗೆ ಪಟ್ಟಿ ಕಟ್ಟಿದ ಕೈ ಇದು, ಆವತ್ತು ನಡುಗಿತು. ಅಷ್ಟು ಹೊತ್ತೂ ಅದರ ಎದೆ ನನ್ನ ಹೆಬ್ಬೆರಳ ಕೆಳಗೆ ಹೊಲಿಗೆ ಯಂತ್ರದಂತೆ ಬಡಿದುಕೊಳ್ಳುತ್ತಿತ್ತು. ಇಲ್ಲಿ ಪರವಾನಗಿ ಇಲ್ಲದವರು ಕಾಡುಹಕ್ಕಿಯನ್ನು ಮನೆಯಲ್ಲಿಟ್ಟು ಆರೈಕೆ ಮಾಡುವಂತಿಲ್ಲ. ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ, ಕತ್ತಲು ಮಾಡಿ, ವನ್ಯಜೀವಿ ಆರೈಕೆ ಕೇಂದ್ರಕ್ಕೆ ಮುಟ್ಟಿಸಿದೆವು. ಮರುದಿನ ಬೆಳಗ್ಗೆ ಫೋನ್ ಮಾಡಿದಾಗ ರಾತ್ರಿಯೇ ಸತ್ತಿತೆಂದು ಹೇಳಿದರು. ಮೊಮ್ಮಗಳಿಗೆ ನಾವು ಸುಳ್ಳು ಹೇಳಲಿಲ್ಲ.

ಆ ಸಂಜೆಯೇ ಮಗನೂ ನಾನೂ ಅಂಟನ್ನೆಲ್ಲ ಕೆರೆದು ತೆಗೆಯಲು ಶುರು ಮಾಡಿದೆವು. ಕೈಗೆಟುಕುವ ತೊಲೆಗಳದ್ದು ನಾಲ್ಕು ದಿನದ ಕೆಲಸವಾಯಿತು.

ಈಗ ನನ್ನ ಕಣ್ಣು ಒದ್ದೆಯಾದ ಕಾರಣ. ನಾನು ಕೆಲಸಕ್ಕೆ ಸೇರಿದಾಗ ನಮ್ಮ ಸೀಮೆಯ ಹಳ್ಳಿಗಳಲ್ಲಿ ದನ ಸತ್ತರೆ ಊರಾಚೆಯ ಬಯಲಿಗೆ ಎಳೆದು ಹಾಕುತ್ತಿದ್ದರು. ಮಧ್ಯಾಹ್ನದೊಳಗೆ ಆಕಾಶದಲ್ಲಿ ಚುಕ್ಕಿಗಳು ಕಾಣಿಸಿಕೊಳ್ಳುತ್ತಿದ್ದವು. ಸಂಜೆಗೆ ಉಳಿಯುತ್ತಿದ್ದದ್ದು ಮೂಳೆ ಮಾತ್ರ. ತೊಂಬತ್ತರ ದಶಕದಲ್ಲಿ ಡೈಕ್ಲೋಫೆನಾಕ್ ಚುಚ್ಚುಮದ್ದು ಅಗ್ಗವಾಗಿ ಸಿಗತೊಡಗಿತು. ಕೆಚ್ಚಲು ಬಾವು, ಕಾಲು ನೋವು, ಜ್ವರ, ಯಾವುದಕ್ಕೆ ಕೊಟ್ಟರೂ ಹಸು ಮರುದಿನವೇ ಮೇವು ಮುಟ್ಟುತ್ತಿತ್ತು. ರೈತರ ಮುಖ ಅರಳುತ್ತಿತ್ತು. ನನ್ನ ಚೀಲದಲ್ಲಿ ಆ ಬಾಟಲಿ ಇಲ್ಲದ ದಿನವೇ ಇರಲಿಲ್ಲ. ಉಳಿಯದ ಹಸುವಿಗೂ ಕೊನೆಯ ಪ್ರಯತ್ನವೆಂದು ಅದನ್ನೇ ಕೊಡುತ್ತಿದ್ದೆ. ಅದು ಸತ್ತರೆ ಅದೇ ಬಯಲಿಗೆ ಹೋಗುತ್ತಿತ್ತು. ಆ ಹೆಣ ತಿಂದ ರಣಹದ್ದಿನ ಮೂತ್ರಪಿಂಡ ಕೆಟ್ಟು, ಒಳಗಿನ ಅಂಗಗಳ ಮೇಲೆ ಸುಣ್ಣ ಬಳಿದಂತೆ ಯೂರಿಕ್ ಆಮ್ಲ ಕಟ್ಟಿ, ಕೆಲವೇ ದಿನಗಳಲ್ಲಿ ಸಾಯುತ್ತದೆ ಎಂಬುದು ಜಗತ್ತಿಗೆ ಗೊತ್ತಾದದ್ದು 2004ರ ಹೊತ್ತಿಗೆ. ಭಾರತ ಸರ್ಕಾರ 2006ರಲ್ಲಿ ಪಶುಗಳಿಗೆ ಅದರ ಬಳಕೆಯನ್ನು ನಿಷೇಧಿಸಿತು. ಅಷ್ಟರಲ್ಲಿ ತಡವಾಗಿತ್ತು. 1992ರಿಂದ 2007ರೊಳಗೆ ದೇಶದ ಬಿಳಿಬೆನ್ನಿನ ರಣಹದ್ದುಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತಕ್ಕೂ ಹೆಚ್ಚು ಇಲ್ಲವಾದವು. ರಾಮದೇವರ ಬೆಟ್ಟದ 346 ಹೆಕ್ಟೇರನ್ನು 2012ರಲ್ಲಿ ರಣಹದ್ದು ಧಾಮವೆಂದು ಘೋಷಿಸಿದಾಗ ಅಲ್ಲಿ ಉಳಿದಿದ್ದವು ಕೈಬೆರಳಿನಲ್ಲಿ ಎಣಿಸುವಷ್ಟು. ನಾನು ಬೇಕೆಂದು ಮಾಡಿದ್ದಲ್ಲ. ಆದರೂ ನನ್ನ ಕೈಯಿಂದ ಆದದ್ದು. ಬೇಡದ ಹಕ್ಕಿ ಎಂದು ಯಾರಾದರೂ ಅಂದಾಗ ಆ ಖಾಲಿ ಬಯಲು ನನ್ನ ಕಣ್ಣ ಮುಂದೆ ಬರುತ್ತದೆ.

ಹಾಗಾದರೆ ಮಗನ ಮನೆಯನ್ನು ಹದ್ದುಗಳಿಗೆ ಬಿಟ್ಟುಕೊಡಬೇಕೇ? ಖಂಡಿತ ಇಲ್ಲ. ಮೊದಲು ಅವು ಯಾಕೆ ಇಲ್ಲಿಗೇ ಬರುತ್ತವೆ ಎಂಬುದನ್ನು ನೋಡೋಣ ಎಂದು ಮಗನಿಗೆ ಹೇಳಿದೆ. ರೋಗಕ್ಕೆ ಮದ್ದು ಕೊಡುವ ಮುನ್ನ ಕೊಟ್ಟಿಗೆ ನೋಡುವುದು ನಮ್ಮ ವೃತ್ತಿಯ ಅಭ್ಯಾಸ. ಒಂದು ವಾರ ಕಾಫಿ ಲೋಟ ಹಿಡಿದು ಬೆಳಗ್ಗೆ ಆರಕ್ಕೇ ಹೊರಗೆ ಕುಳಿತೆ. ಕಂಡದ್ದು ಇಷ್ಟು. ಮನೆಯ ಹಿಂದೆ ಬಡಾವಣೆಯ ಮಳೆನೀರಿನ ಕೆರೆ ಇದೆ. ಅಲ್ಲಿ ಮೀನು ಹಿಡಿಯುವ ಮೀನುಹದ್ದು ಅದನ್ನು ನಮ್ಮ ಪಂಜರದ ನೆತ್ತಿಗೆ ತಂದು ತಿನ್ನುತ್ತಿತ್ತು. ತಲೆ, ಕರುಳು ಜಾಲರಿಯ ಮೇಲೆ ಉಳಿಯುತ್ತಿದ್ದವು. ಎರಡು ಮನೆ ಆಚೆಯವರು ಬೀದಿಬೆಕ್ಕುಗಳಿಗೆ ರಾತ್ರಿ ಇಟ್ಟ ಆಹಾರ ಬೆಳಗಿನವರೆಗೂ ತಟ್ಟೆಯಲ್ಲಿರುತ್ತಿತ್ತು. ಕಸದ ತೊಟ್ಟಿಗಳನ್ನು ಹಿಂದಿನ ರಾತ್ರಿಯೇ ರಸ್ತೆಗೆ ಇಡುತ್ತಿದ್ದರು, ಕೆಲವಕ್ಕೆ ಮುಚ್ಚಳ ಕೂರುತ್ತಿರಲಿಲ್ಲ. ಇನ್ನು ಪೂರ್ವದ ಬಿಸಿಲು ಮೊದಲು ಬೀಳುವುದೇ ನಮ್ಮ ನೆತ್ತಿಯ ತೊಲೆಗೆ. ರಾತ್ರಿಯ ಇಬ್ಬನಿಗೆ ನೆನೆದ ರೆಕ್ಕೆ ಒಣಗಿಸಲು ಇದಕ್ಕಿಂತ ಒಳ್ಳೆಯ ಜಾಗ ಯಾವ ಹದ್ದಿಗೆ ಸಿಗುತ್ತದೆ?

ಬಿಸಿಲನ್ನು ಬದಲಿಸಲಾಗದು, ಉಳಿದದ್ದನ್ನು ಬದಲಿಸಬಹುದು. ನನ್ನ ಹೆಂಡತಿ ಬೆಕ್ಕಿನ ಮನೆಯವರಿಗೆ ಒಂದು ಡಬ್ಬಿ ಕೋಡುಬಳೆ ಕೊಟ್ಟು ಬಂದಳು. ಮಾತು ಅರ್ಧಂಬರ್ಧ, ಆದರೂ ಮರುದಿನದಿಂದ ತಟ್ಟೆ ಕತ್ತಲಾಗುವ ಮೊದಲೇ ಒಳಗೆ ಹೋಗುತ್ತಿದೆ. ಮೀನಿನ ಚೂರುಗಳನ್ನು ಮಗ ಉದ್ದನೆಯ ಕೋಲಿಗೆ ಕಟ್ಟಿದ ಬ್ರಷ್‌ನಿಂದ ಆಯಾ ದಿನವೇ ತಳ್ಳಿ ತೆಗೆಯುತ್ತಾನೆ.

ಎರಡನೆಯದು ತೊಲೆ. ಹಕ್ಕಿಗೆ ಕೂರಲು ಕಾಲ್ಬೆರಳು ಸುತ್ತಿ ಹಿಡಿಯುವ ಅಥವಾ ಪಾದ ಊರುವ ಗಟ್ಟಿ ಜಾಗ ಬೇಕು. ಆ ಜಾಗವನ್ನು ಅಸ್ಥಿರ ಮಾಡಿದರೆ ಸಾಕು, ಹಕ್ಕಿಗೆ ನೋವು ಮಾಡುವ ಅಗತ್ಯವೇ ಇಲ್ಲ. ನೆತ್ತಿಯ ತೊಲೆಯ ಉದ್ದಕ್ಕೂ ನಾಲ್ಕು ಅಂಗುಲ ಎತ್ತರದಲ್ಲಿ ತುಕ್ಕು ಹಿಡಿಯದ ಉಕ್ಕಿನ ತಂತಿಯೊಂದನ್ನು, ಅದರ ಎರಡೂ ಪಕ್ಕಕ್ಕೆ ಸ್ವಲ್ಪ ತಗ್ಗಿನಲ್ಲಿ ಇನ್ನೆರಡನ್ನು ಎಳೆಸಿದೆವು. ಒಂದು ತುದಿಗೆ ಸಣ್ಣ ಸ್ಪ್ರಿಂಗ್ ಇದೆ. ಹದ್ದು ಇಳಿಯಲು ನೋಡಿದರೆ ತಂತಿ ಕಾಲಿಗೆ ತಾಗಿ ಅಲುಗುತ್ತದೆ. ತಂತಿಯ ಮೇಲೆ ನಿಂತರೆ ತೂಗುತ್ತದೆ, ತೊಲೆಯ ಮೇಲೆ ನಿಲ್ಲಲು ತಂತಿ ಬಿಡುವುದಿಲ್ಲ. ಅದು ಎರಡು ಸಲ ರೆಕ್ಕೆ ಬಡಿದು ಮುಂದೆ ಹೋಗುತ್ತದೆ. ಇಲ್ಲಿ ಅನೇಕರು ಇದಕ್ಕೆ ಗಾಳದ ನೈಲಾನ್ ದಾರ ಕಟ್ಟುತ್ತಾರೆ. ಅದು ಕಣ್ಣಿಗೆ ಕಾಣದು, ಬಿಸಿಲಿಗೆ ಒಂದು ವರ್ಷದಲ್ಲಿ ಹಳಸಿ ಸಡಿಲವಾಗುತ್ತದೆ. ಸಡಿಲವಾದ ದಾರವೆಂದರೆ ಉರುಳು. ಕೆರೆಯಂಚಿನ ಪೊದೆಯಲ್ಲಿ ಗಾಳದ ದಾರ ಕಾಲಿಗೆ ಸುತ್ತಿ ಸತ್ತ ಬೆಳ್ಳಕ್ಕಿಯೊಂದನ್ನು ನಾನೇ ಬಿಡಿಸಿದ್ದೇನೆ. ದಯವಿಟ್ಟು ತಂತಿಯನ್ನೇ ಹಾಕಿಸಿ, ಬಿಗಿಯಾಗಿ ಹಾಕಿಸಿ.

ಮುಳ್ಳುಪಟ್ಟಿಗಳೂ ಸಿಗುತ್ತವೆ. ಅಗಲವಾದ ಅಡ್ಡತೊಲೆಗಳಿಗೆ ನಾವೂ ಎಂಟು ಪಟ್ಟಿ ಹಾಕಿಸಿದ್ದೇವೆ, ಮೊಂಡು ತುದಿಯವು. ಅವನ್ನೇ ಪೂರ್ತಿ ನಂಬುವಂತಿಲ್ಲ. ಬೆಲ್ಜಿಯಂನ ಆಂಟ್ವರ್ಪ್ ನಗರದಲ್ಲಿ ಮ್ಯಾಗ್ಪೈ ಹಕ್ಕಿಯೊಂದು ಇಂಥ ಪಟ್ಟಿಗಳನ್ನೇ ಕಿತ್ತು ತಂದು ಸುಮಾರು 1,500 ಮುಳ್ಳುಗಳ ಗೂಡು ಕಟ್ಟಿಕೊಂಡದ್ದನ್ನು ನೆದರ್ಲೆಂಡ್ಸ್‌ನ ಸಂಶೋಧಕರು 2023ರಲ್ಲಿ ವರದಿ ಮಾಡಿದ್ದಾರೆ.

ಇನ್ನೊಂದು ಎಚ್ಚರಿಕೆಯನ್ನು ಇಲ್ಲಿರುವ ನಮ್ಮವರಿಗೆ ಒತ್ತಿ ಹೇಳುತ್ತೇನೆ. ಪಂಜರದ ತೊಲೆ ಗಾಳಿಯ ಹೊಡೆತ ತಡೆಯಲು ಮಾಡಿದ್ದು, ಮನುಷ್ಯನ ತೂಕ ಹೊರಲು ಅಲ್ಲ. ಮಗ ತಾನೇ ಹತ್ತುತ್ತೇನೆಂದು ಹಠ ಹಿಡಿದಿದ್ದ. ನಾನು ಏಣಿಯನ್ನು ಅಡ್ಡ ಹಿಡಿದು ನಿಂತೆ. ಕೆಲಸ ಗೊತ್ತಿರುವವರು ಬಂದು ತೊಲೆಯಿಂದ ತೊಲೆಗೆ ಹಲಗೆ ಹಾಸಿ ಅರ್ಧ ದಿನದಲ್ಲಿ ಮುಗಿಸಿದರು. ತೊಲೆಗೆ ತೂತು ಕೊರೆಸದೆ ಹಿಡಿಕೆಗಳಿಂದಲೇ ಬಿಗಿಸಿ. ಕಡಲ ಗಾಳಿಯಲ್ಲಿ ಉಕ್ಕಿನ ತಿರುಪು ಅಲ್ಯೂಮಿನಿಯಂಗೆ ತಾಗಿದ ಜಾಗ ಬೇಗ ಕೊರೆದುಹೋಗುತ್ತದೆ. ನಿವಾಸಿಗಳ ಸಂಘದ ಒಪ್ಪಿಗೆಯನ್ನೂ ಮೊದಲೇ ಕೇಳಿ. ನಮ್ಮ ಬಡಾವಣೆಯ ಸಂಘ ಉತ್ತರ ಕೊಡಲು ಐದು ವಾರ ತೆಗೆದುಕೊಂಡಿತು. ಆ ಐದು ವಾರದಲ್ಲಿ ಇನ್ನೊಂದು ಹಾಳೆ ಹರಿಯಿತು.

ಆ ಐದು ವಾರ ನನಗೆ ನೆನಪಾದದ್ದು ನಮ್ಮ ಹೊಲದ ಅಟ್ಟಣೆ. ಚಿಕ್ಕಂದಿನಲ್ಲಿ ಜೋಳಕ್ಕೆ ಹಾಲು ಕಟ್ಟುವ ಹೊತ್ತಿಗೆ ಕವಣೆ ಹಿಡಿದು ಅಟ್ಟಣೆ ಏರುತ್ತಿದ್ದೆ. ಹಕ್ಕಿ ಕುಳಿತ ಮೇಲೆ ಎಬ್ಬಿಸಿದರೆ ಆಗಲೇ ನಾಲ್ಕು ಕಾಳು ಹೋಗಿರುತ್ತದೆ, ಕೂರುವ ಮೊದಲೇ ಕೂಗು ಹಾಕಬೇಕು ಎಂದು ಅಪ್ಪ ಹೇಳುತ್ತಿದ್ದರು. ಇಲ್ಲಿಯೂ ಅದೇ. ಕಾವಲುಗಾರನಂತೆ ಮೊದಲು ಒಂದೇ ಹದ್ದು ಬರುತ್ತದೆ. ಅದು ನೆತ್ತಿಯ ಮೇಲೆ ಸುತ್ತುವಾಗಲೇ ತಟ್ಟೆ ಬಡಿದು, ನೀರಿನ ಕೊಳವೆ ಬೀಸಿ ತಿರುಗಿಸಿದರೆ ಉಳಿದವು ಇಳಿಯುವುದಿಲ್ಲ. ಒಂದು ದಿನ ಬಿಟ್ಟರೂ ಮೊದಲಿನಿಂದ ಶುರು ಮಾಡಬೇಕು. ನಾನು ನಿವೃತ್ತ, ನನಗೆ ಸಮಯವಿತ್ತು. ಕೆಲಸಕ್ಕೆ ಹೋಗುವವರಿಗೆ ಇದು ಆಗದ ಮಾತು, ಅವರಿಗೆ ತಂತಿಯೇ ಗತಿ.

ನಮ್ಮ ಹೊಲಗಳಲ್ಲಿ ಸತ್ತ ಕಾಗೆಯನ್ನು ಕಂಬಕ್ಕೆ ತಲೆಕೆಳಗಾಗಿ ತೂಗುಹಾಕುವುದುಂಟಲ್ಲ, ಅದೇ ಉಪಾಯವನ್ನು ಇಲ್ಲಿನ ಸರ್ಕಾರಿ ವಿಜ್ಞಾನಿಗಳು ರಣಹದ್ದುಗಳಿಗೆ ಪರೀಕ್ಷಿಸಿ ನೋಡಿದ್ದಾರೆ! ಅಮೆರಿಕದ ಕೃಷಿ ಇಲಾಖೆಯ ವನ್ಯಜೀವಿ ಸೇವಾ ವಿಭಾಗಕ್ಕೆ ಫ್ಲೋರಿಡಾದ ಗೇನ್ಸ್‌ವಿಲ್‌ನಲ್ಲಿ ಸಂಶೋಧನಾ ಕೇಂದ್ರವಿದೆ. ಸತ್ತ ಹದ್ದನ್ನೋ ಅದರ ಪ್ರತಿಕೃತಿಯನ್ನೋ ಒಂದು ರೆಕ್ಕೆ ಜೋತುಬೀಳುವಂತೆ ಕಾಲಿನಿಂದ ತೂಗುಹಾಕಿದರೆ ದೊಡ್ಡ ಗುಂಪುಗಳೂ ಆ ತಂಗುದಾಣವನ್ನು ಬಿಟ್ಟು ಹೋಗುವುದನ್ನು ಅವರು ಕಂಡಿದ್ದಾರೆ. ನಿಜವಾದ ಹೆಣ ಬಳಸಲು ಪರವಾನಗಿ ಬೇಕು. ಪ್ರತಿಕೃತಿ ಯಾರಾದರೂ ಹಾಕಬಹುದು. ನಾನು ಹಳೆಯ ಕಪ್ಪು ಕಂಬಳಿಯ ಚೂರು, ತಂತಿ, ಕರಿಯ ಗರಿಗಳಿಂದ ಒಂದನ್ನು ಕಟ್ಟಿ ಹಿತ್ತಲಿನ ಕಂಬಕ್ಕೆ ತೂಗುಹಾಕಿದೆ. ಗರಿಗಳನ್ನು ಕೊಂಡದ್ದು ಕರಕುಶಲ ವಸ್ತುಗಳ ಅಂಗಡಿಯಿಂದ, ಏಕೆಂದರೆ ಬಿದ್ದ ಕಾಡುಹಕ್ಕಿಯ ಗರಿಯನ್ನು ಎತ್ತಿಟ್ಟುಕೊಳ್ಳುವುದೂ ಇಲ್ಲಿ ಅಪರಾಧ. ಗಾಳಿಗೆ ತಿರುಗುವ ಆ ಬೆದರುಬೊಂಬೆಯನ್ನು ಕಂಡು ಹದ್ದುಗಳು ಎತ್ತರದಲ್ಲೇ ಸುತ್ತಿ ಹೋದವು. ಆದರೆ ಸಂಘ ಅದನ್ನು ಇಳಿಸಲು ಹೇಳಿತು. ಇಳಿಸಿದೆ. ಹದಿನಾರು ದಿನ ಅದು ಕೆಲಸ ಮಾಡಿತು.

ತಂತಿ ಹಾಕಿಸಿದ್ದು ಜನವರಿ 20ರಂದು. ಮೊದಲ ವಾರ ಎರಡು ಮೂರು ಹದ್ದುಗಳು ಪ್ರಯತ್ನಿಸಿದವು. ಈ ಪತ್ರ ಬರೆಯುವ ಹೊತ್ತಿಗೆ ಏಳು ವಾರ ಕಳೆದಿದೆ, ಒಂದೂ ಹುರಿ ಕಿತ್ತಿಲ್ಲ. ಕೊಳದ ನೀರಿಗೆ ಹಿಕ್ಕೆ ಬಿದ್ದಾಗ ಮಗ ಗಾಬರಿಯಿಂದ ಇಡೀ ಕೊಳ ಖಾಲಿ ಮಾಡಿಸುತ್ತಿದ್ದ, ಅದೂ ಬೇಕಿರಲಿಲ್ಲ. ಹಿಕ್ಕೆಯನ್ನು ಎತ್ತಿ ತೆಗೆದು, ಕ್ಲೋರಿನ್ ಮಟ್ಟ 2 ಪಿಪಿಎಂಗಿಂತ (ಲೀಟರಿಗೆ 2 ಮಿಲಿಗ್ರಾಂ) ಕಡಿಮೆಯಾಗದಂತೆ ನೋಡಿಕೊಂಡು, ಅರ್ಧ ಗಂಟೆ ಯಾರನ್ನೂ ಇಳಿಸದಿದ್ದರೆ ಸಾಕು.

ಕೊಕ್ಕರೆಗಳ ವಿಷಯವೂ ಒಂದು ಮಾತು, ಏಕೆಂದರೆ ಇಲ್ಲಿನ ಪಂಜರಗಳನ್ನು ಹರಿಯುವವು ಹದ್ದುಗಳು ಮಾತ್ರವಲ್ಲ. ಸ್ಯಾಂಡ್‌ಹಿಲ್ ಕ್ರೇನ್ ಎಂಬ ಸುಮಾರು ನಾಲ್ಕು ಅಡಿ ಎತ್ತರದ, ಹಣೆ ಕೆಂಪಿನ ಹಕ್ಕಿ ಜೋಡಿಯಾಗಿ ಅಂಗಳಕ್ಕೆ ಬರುತ್ತದೆ. ಗಾಜಿನಲ್ಲಿ ಕಂಡ ತನ್ನ ನೆರಳನ್ನೇ ಬೇರೆ ಹಕ್ಕಿ ಎಂದುಕೊಂಡು ಕುಕ್ಕಿ ಜಾಲರಿ ತೂತು ಮಾಡುತ್ತದೆ. ಜನ ಬ್ರೆಡ್ಡು, ಕಾಳು ಹಾಕಿ ಮನೆಬಾಗಿಲಿಗೆ ಕರೆದುಕೊಂಡ ಮೇಲೆ ಶುರುವಾಗುವ ತೊಂದರೆ ಇದು. ಅವಕ್ಕೆ ಆಹಾರ ಹಾಕುವುದು ಫ್ಲೋರಿಡಾದಲ್ಲಿ ಕಾನೂನಿಗೆ ವಿರುದ್ಧ. ಗಾಜಿಗೆ ಕೆಲವು ವಾರ ಬಟ್ಟೆ ಹೊದಿಸಿದರೆ ಅವು ಮರೆಯುತ್ತವೆ. ನಮ್ಮೂರಿನಿಂದ ಬರುವ ತಂದೆತಾಯಂದಿರು ಹಕ್ಕಿಗೆ ಅನ್ನ ಇಡುವುದು ಪುಣ್ಯವೆಂದು ತಿಳಿದವರು, ನನ್ನ ಹೆಂಡತಿಯೂ ಹಾಗೆಯೇ. ಇಲ್ಲಿ ಇಡದಿರುವುದೇ ಆ ಹಕ್ಕಿಗೆ ಮಾಡುವ ಉಪಕಾರ ಎಂದು ಅವಳನ್ನು ಒಪ್ಪಿಸಲು ನನಗೆ ಒಂದು ವಾರ ಬೇಕಾಯಿತು.

ಇನ್ನು ಅಂಟಿನ ಸಲಹೆ ಕೊಟ್ಟ ಬೆಂಗಳೂರಿನ ಓದುಗರಿಗೆ. ತಮ್ಮ ಕಷ್ಟ ನನಗೆ ಅರ್ಥವಾಗುತ್ತದೆ. ಪಾರಿವಾಳದ ಹಿಕ್ಕೆಯ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಸಹಿಸಿಕೊಳ್ಳಿ ಎಂದು ನಾನು ಹೇಳುವುದಿಲ್ಲ. ಆದರೆ ತಾವು ಬಳಿಯುವ ಅಂಟಿಗೆ ಪಾರಿವಾಳವೇ ಸಿಗುತ್ತದೆ ಎಂಬ ಖಾತ್ರಿ ಏನು? ಬಾಲ್ಕನಿಯ ತುಳಸಿಗೆ ಬರುವ ಸೂರಕ್ಕಿ, ಪಿಕಳಾರ, ಅಳಿಲು, ರಾತ್ರಿಯ ಸಣ್ಣ ಬಾವಲಿ, ಎಲ್ಲವೂ ಅದೇ ಕಂಬಿಗೆ ಇಳಿಯುತ್ತವೆ. ಬಿಗಿಯಾದ ತಂತಿ ಎಳೆಸಿ. ಅಂಚುಗಳಿಗೆ ಓರೆಯಾಗಿ ತಗಡು ಅಥವಾ ಹಲಗೆ ಕೂರಿಸಿ, ಕಾಲು ನಿಲ್ಲದು. ಬಲೆ ಹಾಕಿಸುವುದಾದರೆ ಚರ್ಮವಾದ್ಯದಂತೆ ಬಿಗಿಯಾಗಿರಲಿ, ಆರು ತಿಂಗಳಿಗೊಮ್ಮೆ ಅಂಚು ಪರೀಕ್ಷಿಸಿ; ಜೋಲು ಬಲೆಯಲ್ಲಿ ನಮ್ಮೂರ ಹದ್ದುಗಳೂ ಬಾವಲಿಗಳೂ ಸಿಕ್ಕಿ ನೇತಾಡುತ್ತವೆ. ಈಗಾಗಲೇ ಅಂಟು ಬಳಿದಿದ್ದು ಯಾವುದಾದರೂ ಜೀವ ಸಿಕ್ಕಿಕೊಂಡಿದ್ದರೆ ಎಳೆಯಬೇಡಿ. ಗರಿ, ಚರ್ಮ ಕಿತ್ತುಬರುತ್ತದೆ. ಸುತ್ತಲಿನ ಅಂಟಿನ ಮೇಲೆ ಕಾಗದ ಅಥವಾ ಹಿಟ್ಟು ಹಾಕಿ ಇನ್ನಷ್ಟು ಅಂಟದಂತೆ ಮಾಡಿ, ಬಟ್ಟೆಯಿಂದ ಕಣ್ಣು ಮುಚ್ಚಿ, ಅಂಟಿನ ಪಟ್ಟಿಯ ಸಮೇತ ಪೆಟ್ಟಿಗೆಯಲ್ಲಿಟ್ಟು ಹತ್ತಿರದ ಪಶುವೈದ್ಯರಲ್ಲಿಗೆ ಒಯ್ಯಿರಿ.

ನಮ್ಮ ಜಿಲ್ಲೆಯ ಹಾಲು ಉತ್ಪಾದಕರಿಗೂ ಇದೇ ಪತ್ರದಲ್ಲಿ ಒಂದು ಬೇಡಿಕೆ. ಹಸುವಿಗೆ ನೋವಿನ ಮದ್ದು ಬೇಕಾದಾಗ ಮೆಲಾಕ್ಸಿಕಾಮ್ ಕೊಡಿ ಎಂದು ವೈದ್ಯರನ್ನು ಕೇಳಿ. ರಣಹದ್ದಿಗೆ ಅದರಿಂದ ಕೇಡಿಲ್ಲ. ಡೈಕ್ಲೋಫೆನಾಕ್ ಆದ ಮೇಲೆ ಕೀಟೊಪ್ರೊಫೆನ್, ಅಸಿಕ್ಲೋಫೆನಾಕ್‌ಗಳನ್ನೂ 2023ರಲ್ಲಿ ಪಶುಗಳಿಗೆ ನಿಷೇಧಿಸಿದ್ದಾರೆ. ಯಾರಾದರೂ ಈಗಲೂ ಕೊಡಲು ಬಂದರೆ ಬೇಡವೆನ್ನಿ.

ನಮ್ಮ ಪಂಜರ ಬಿಟ್ಟ ಹದ್ದುಗಳು ಈಗ ಕೆರೆಯ ಆಚೆ ದಡದಲ್ಲಿ, ಸಿಡಿಲು ಬಡಿದು ಒಣಗಿ ನಿಂತ ಪೈನ್ ಮರವೊಂದರಲ್ಲಿ ಕೂರುತ್ತಿವೆ. ಮನೆಗಳಿಗೆ ದೂರ, ರಸ್ತೆಗೂ ದೂರ. ಬೆಳಗಿನ ಬಿಸಿಲು ಅಲ್ಲಿಗೂ ಬೀಳುತ್ತದೆ. ಒಣಮರ ನೋಡಲು ಚೆಂದವಿಲ್ಲ ಎಂದು ಅದನ್ನು ಕಡಿಸುವ ಪ್ರಸ್ತಾಪ ಸಂಘದ ಮುಂದಿದೆ. ಕಡಿದರೆ ಆ ಹನ್ನೊಂದೂ ನಾಳೆ ಯಾರದಾದರೂ ಜಾಲರಿಯ ಮೇಲಿರುತ್ತವೆ ಎಂದು ನಾನು ಒಂದು ಪುಟದ ಅರ್ಜಿ ಬರೆದಿದ್ದೇನೆ; ಸೊಸೆ ಅದನ್ನು ಇಂಗ್ಲಿಷಿಗೆ ತಿರುಗಿಸಿದ್ದಾಳೆ. ಬೆಕ್ಕಿನ ಮನೆಯವರೂ ಸೇರಿ ಒಂಬತ್ತು ಮನೆಯವರು ಸಹಿ ಹಾಕಿದ್ದಾರೆ. ಸಭೆ ಏಪ್ರಿಲ್ ಕೊನೆಗೆ ಇದೆ, ಅಷ್ಟರಲ್ಲಿ ನಾನು ಊರಿನಲ್ಲಿರುತ್ತೇನೆ. ಮೂರು ಸಲ ಜಾಲರಿ ಹಾಕಿಸಿದ ಮಗನೇ ಆ ದಿನ ಹದ್ದುಗಳ ಪರವಾಗಿ ಎದ್ದು ನಿಂತು ಮಾತನಾಡಲು ಒಪ್ಪಿದ್ದಾನೆ.

ಇಂತಿ,
ನಿವೃತ್ತ ಪಶುವೈದ್ಯ
ರಾಮನಗರ (ಸದ್ಯ ಫ್ಲೋರಿಡಾ, ಅಮೆರಿಕ)